ಹಸುವಿಗೆ ವಿಮೆ ಇದೆ, ಹಾಲು ಕರೆಯುವವನಿಗೆ?

ಇವತ್ತು ಹಾಲಿನ ದರದ ಬಗ್ಗೆ ಮಾತಾಡಲ್ಲ. 2025ರ ಏಪ್ರಿಲ್‌ನಲ್ಲಿ ನಂದಿನಿ ಲೀಟರಿಗೆ 4 ರೂಪಾಯಿ ಏರಿದಾಗ ಎಲ್ಲರೂ ಮಾತಾಡಿದ್ದಾಯ್ತು. ಗ್ರಾಹಕ, ರೈತ, ಒಕ್ಕೂಟ, ಸರ್ಕಾರ, ವಿರೋಧ ಪಕ್ಷ. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಸಗಣಿ ಬಾಚಿ, ಕೆಚ್ಚಲು ತೊಳೆದು, ಹಾಲು ಕರೆಯುವ ಆಳಿನ ಸುದ್ದಿ ಮಾತ್ರ ಎಲ್ಲೂ ಬರಲಿಲ್ಲ.

ಇಪ್ಪತ್ತು, ಮೂವತ್ತು ಹಸು ಕಟ್ಟಿದ ಯಾವ ಫಾರ್ಮ್ ಮಾಲೀಕರನ್ನಾದರೂ ಕೇಳಿ. ಮೇವಿನ ಕಷ್ಟ ಆಮೇಲೆ ಹೇಳ್ತಾರೆ, ಮೊದಲ ಮಾತು: ಜನ ನಿಲ್ಲಲ್ಲ. ಯಾಕೆ ನಿಲ್ತಾರೆ ಹೇಳಿ? ಹಸುವಿಗೆ ಭಾನುವಾರ ಇಲ್ಲ, ನಿಜ. ಹಾಗಂತ ಮನುಷ್ಯನಿಗೂ ಇರಬಾರದು ಅಂತ ಅಲ್ಲವಲ್ಲ! ಕೊಟ್ಟಿಗೆಗೆ ಫ್ಯಾನು, ರಬ್ಬರ್ ಮ್ಯಾಟು; ಪಕ್ಕದ ತಗಡಿನ ಕೋಣೆಯಲ್ಲಿ ಬಿಹಾರದಿಂದ ಬಂದ ಗಂಡ ಹೆಂಡತಿ, ಒಂದು ಮಗು. ಹಸುವಿನ ಕಿವಿಯಲ್ಲಿ 12 ಅಂಕಿಯ ಓಲೆ ಇದೆ, ಆ ಓಲೆಯ ಮೇಲೆ ವಿಮೆ ಇದೆ. ಆ ಹಸು ಒದ್ದು ಕಾಲು ಮುರಿದುಕೊಂಡವನಿಗೆ?

ಒದೆತ ಕಣ್ಣಿಗೆ ಕಾಣುತ್ತೆ. ಕಂದು ರೋಗ ಕಾಣಲ್ಲ. ಬ್ರುಸೆಲ್ಲೋಸಿಸ್ ಅಂತೀವಲ್ಲ, ಅದು. ಕಂದು ಹಾಕಿದ ಹಸುವಿನ ಮಾಸನ್ನು ಬರಿಗೈಯಲ್ಲಿ ತೆಗೆದವನಿಗೂ ಅದು ಅಂಟಬಹುದು. ವಾರಗಟ್ಟಲೆ ಬಿಟ್ಟು ಬಿಟ್ಟು ಜ್ವರ, ಕೀಲು ನೋವು. ಟೈಫಾಯ್ಡ್ ಅಂದುಕೊಂಡು ಮಾತ್ರೆ ನುಂಗ್ತಾ ಇರ್ತಾರೆ. 2019ರಿಂದ ಕೇಂದ್ರ ಸರ್ಕಾರದ ಕಾರ್ಯಕ್ರಮದಲ್ಲಿ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಇದರ ಲಸಿಕೆ ಹಾಕ್ತಾರೆ. ಕರುವಿಗೆ ಲಸಿಕೆ ಹಾಕಿಸಿದ ಮಾಲೀಕ ಆಳಿಗೆ ಒಂದು ಜೊತೆ ಗ್ಲೌಸ್ ಕೊಡಿಸಲ್ಲ ಅಂದ್ರೆ ಏನನ್ನೋಣ?

ಇದು ಕರುಣೆಯ ವಿಷಯವೂ ಅಲ್ಲ ಬಿಡಿ, ಲೆಕ್ಕದ ವಿಷಯ. ಬೈದು, ಬಡಿದು ಕೆಲಸ ಮಾಡುವ ಕೈ ಬಂದರೆ ಹಸು ಹೆದರುತ್ತೆ. ಹೆದರಿದ ಹಸುವಿನ ಮೈಯಲ್ಲಿ ಅಡ್ರಿನಲಿನ್ ಏರಿ, ಅದು ಹಾಲು ಪೂರ್ತಿ ಬಿಡಲ್ಲ. ಕೆಚ್ಚಲು ಬಾವು ಬಂದಿದೆ ಅಂತ ಮೊದಲು ಗೊತ್ತಾಗೋದು ಡಾಕ್ಟರಿಗಲ್ಲ, ಮೊದಲ ನಾಲ್ಕು ಧಾರೆಯಲ್ಲಿ ಹೆಪ್ಪು ಕಂಡವನಿಗೆ. ಮೆಷಿನ್ ತಂದರೆ ಆಯ್ತಲ್ಲ ಅಂತೀರಾ? ನಾನು ಎಂಜಿನಿಯರಿಂಗ್ ಓದಿದವನು, ಮೆಷಿನ್ ಮೇಲೆ ನನಗೂ ಪ್ರೀತಿ ಇದೆ. ಆದರೆ ವ್ಯಾಕ್ಯೂಮ್ ಹೆಚ್ಚಾದರೆ, ಹಾಲು ನಿಂತ ಮೇಲೂ ಕಪ್ ಬಿಟ್ಟರೆ, ತೊಟ್ಟು ಹಾಳಾಗುತ್ತೆ. ಅದನ್ನು ನೋಡಿ ತೆಗೆಯೋಕೆ ಮತ್ತೆ ಅದೇ ಮನುಷ್ಯ ಬೇಕು. ಇಂಥವನು ಸಿಟ್ಟಾಗಿ ಸೋಮವಾರ ಊರಿಗೆ ಹೊರಟರೆ ಮಂಗಳವಾರ ಬೆಳಗ್ಗೆ ಇಪ್ಪತ್ತು ಹಸು ಕರೆಯೋರು ಯಾರು?

ಎರಡು ಹಸುವಿನ ಮನೆಯಲ್ಲಿ ಈ ಆಳು ಮನೆಯ ಹೆಂಗಸೇ. ಸಂಘದ ಪಾಸ್ ಪುಸ್ತಕ ಮಾತ್ರ ಗಂಡನ ಹೆಸರಲ್ಲಿ. ಮಹಿಳಾ ಹಾಲು ಸಂಘಗಳು ಇರುವ ಊರಲ್ಲಿ ಹಣ ಅವಳ ಖಾತೆಗೇ ಬೀಳುತ್ತೆ. ಅದು ಬೇರೆಯದೇ ಚರ್ಚೆ, ಇನ್ನೊಂದು ದಿನ ಮಾಡೋಣ.

ಕಾನೂನಿನ ಮಾತಿಗೆ ಬರ್ತೀನಿ. 1948ರ ಕನಿಷ್ಠ ವೇತನ ಕಾಯ್ದೆಯೇ ಕೃಷಿ ಕೆಲಸ ಅಂದಾಗ ಹೈನುಗಾರಿಕೆ, ಜಾನುವಾರು, ಕೋಳಿ, ಜೇನು ಸಾಕಣೆಯನ್ನೂ ಸೇರಿಸಿತ್ತು. ಅಂದರೆ ಕೊಟ್ಟಿಗೆ ಆಳಿನ ಕೂಲಿ ಮಾಲೀಕರ ಇಷ್ಟಕ್ಕೆ ಬಿಟ್ಟ ವಿಷಯ ಅಲ್ಲ. ತಿಂಗಳ ಐದನೇ ತಾರೀಕಿನೊಳಗೆ ಕೂಲಿ, ವಾರಕ್ಕೊಂದು ರಜೆ, ಆ ದಿನಕ್ಕೆ ಬದಲಿ ಆಳು, ರಾತ್ರಿ ಕರು ಹಾಕಿಸಿದರೆ ಬೇರೆ ದುಡ್ಡು. ಹಾಲಿನ ಗುಣಮಟ್ಟಕ್ಕೆ ಡೇರಿ ನಿಮಗೆ ಹೆಚ್ಚು ಕೊಟ್ಟರೆ ಅದರಲ್ಲಿ ಅವನಿಗೂ ಒಂದು ಪಾಲು. ಇಷ್ಟು ಮಾಡಿ, ಆಮೇಲೆ ಜನ ನಿಲ್ಲಲ್ಲ ಅನ್ನಿ.

ಇನ್ನು ಆ ವಿಮೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ 2 ಲಕ್ಷದ ಅಪಘಾತ ವಿಮೆಗೆ ಬ್ಯಾಂಕ್ ಖಾತೆ ಇದ್ದರೆ ಸಾಕು. ಕಂತು ವರ್ಷಕ್ಕೆ 20 ರೂಪಾಯಿ, ಅರ್ಧ ಲೀಟರ್ ಹಾಲಿನ ದುಡ್ಡು. ನಾಳೆ ಬ್ಯಾಂಕಿಗೆ ಹೋಗುವಾಗ ಅವನನ್ನೂ ಬೈಕ್ ಮೇಲೆ ಕೂರಿಸಿಕೊಂಡು ಹೋಗಿ.