ಯುದ್ಧದ ಪಾಠ ಮತ್ತು ದೇಶಾಭಿಮಾನದ ಗಡಿ



ಶಾಲೆಯ ಇತಿಹಾಸ ಪಾಠದಲ್ಲಿ ಯುದ್ಧಗಳಿಗೆ ಸಲ್ಲುವ ಪುಟಗಳು ಬಹಳ; ಆ ಯುದ್ಧಗಳನ್ನು ಯಾವ ನೆಲೆಯಲ್ಲಿ ನಿಂತು ಹೇಳಲಾಗುತ್ತಿದೆ ಎಂಬ ವಿಚಾರಣೆಗೆ ಸಲ್ಲುವ ಸಮಯ ತೀರ ಕಡಿಮೆ. ಇತಿಹಾಸ ಅಧ್ಯಾಪಕರ ಸಮ್ಮೇಳನದ ಈ ಅಧ್ಯಕ್ಷ ಭಾಷಣಕ್ಕೆ ಆ ವಿಚಾರಣೆಯನ್ನೇ ವಿಷಯವಾಗಿ ಆರಿಸಿಕೊಳ್ಳಲಾಗಿದೆ. ರಾಷ್ಟ್ರೀಯ ಪಕ್ಷಪಾತವೆಂದರೆ ಸ್ವದೇಶದ ನಡೆ ನ್ಯಾಯವಾಗಿಯೂ ಎದುರಾಳಿಯ ನಡೆ ಅನ್ಯಾಯವಾಗಿಯೂ ಕಾಣುವಂತೆ ಗತಕಾಲದ ಸಂಗತಿಗಳನ್ನು ಆಯ್ದು ಜೋಡಿಸುವ ಪ್ರವೃತ್ತಿ. ಈ ಮಾತನ್ನು ಕೇಳಿದೊಡನೆ ಸುಳ್ಳು ತುಂಬಿದ ಪುಸ್ತಕದ ಕಲ್ಪನೆ ಮನಸ್ಸಿಗೆ ಬರುವುದು ಸಹಜವಾದರೂ ಪಠ್ಯಪುಸ್ತಕಗಳಲ್ಲಿ ಹಸಿಸುಳ್ಳು ಕಾಣಸಿಗುವುದು ಅಪರೂಪ. ಯುದ್ಧದ ಕಥನವನ್ನು ಯಾವ ದಿನದಿಂದ ಆರಂಭಿಸಬೇಕು, ಯಾವ ದಿನಕ್ಕೆ ನಿಲ್ಲಿಸಬೇಕು, ಯಾರ ಸಾವನ್ನು ಎಣಿಸಬೇಕು, ಯಾರದನ್ನು ಬಿಡಬೇಕು ಎಂಬ ತೀರ್ಮಾನಗಳಲ್ಲಿ ಪಕ್ಷಪಾತ ಮನೆಮಾಡಿಕೊಂಡಿರುತ್ತದೆ. ಹೀಗಾಗಿ ಪ್ರತಿಯೊಂದು ವಾಕ್ಯವೂ ಸತ್ಯವಾಗಿದ್ದು ಒಟ್ಟು ಪಾಠ ಮಾತ್ರ ದಾರಿ ತಪ್ಪಿಸುವಂಥದ್ದಾಗಬಹುದು, ಮತ್ತು ಅಂಥ ಪಾಠವನ್ನು ತಿದ್ದುವುದು ಸುಳ್ಳನ್ನು ತಿದ್ದುವುದಕ್ಕಿಂತ ಕಷ್ಟದ ಕೆಲಸ.

1971ರ ಯುದ್ಧ ಇದಕ್ಕೆ ಸ್ಪಷ್ಟ ನಿದರ್ಶನ. ಆ ಒಂದೇ ಯುದ್ಧವನ್ನು ಮೂರು ದೇಶಗಳ ಮಕ್ಕಳು ಮೂರು ಅಳತೆಯಲ್ಲಿ ಓದುತ್ತಾರೆ. ಭಾರತದಲ್ಲಿ ರೂಢವಾಗಿರುವ ಕಥನದಲ್ಲಿ ಅದು ಡಿಸೆಂಬರ್ 3ರಂದು ಪಾಕಿಸ್ತಾನದ ವಿಮಾನಗಳು ಭಾರತದ ವಾಯುನೆಲೆಗಳ ಮೇಲೆ ದಾಳಿ ನಡೆಸಿದಲ್ಲಿಂದ ತೊಡಗಿ, ಡಿಸೆಂಬರ್ 16ರಂದು ಢಾಕಾದಲ್ಲಿ ಶರಣಾಗತಿ ಪತ್ರಕ್ಕೆ ಸಹಿ ಬೀಳುವುದರೊಂದಿಗೆ ಮುಗಿಯುವ 13 ದಿನಗಳ ವಿಜಯ. ಆಗ ಪೂರ್ವ ಪಾಕಿಸ್ತಾನವಾಗಿದ್ದ ಬಾಂಗ್ಲಾದೇಶದಿಂದ ಬಂದ ನಿರಾಶ್ರಿತರ ಪ್ರಸ್ತಾಪ ಪೀಠಿಕೆಯಾಗಿ ಬಂದರೂ ಮಕ್ಕಳ ನೆನಪಿನಲ್ಲಿ ಉಳಿಯುವುದು ಸುಮಾರು 93 ಸಾವಿರ ಯುದ್ಧಕೈದಿಗಳ ಅಂಕಿ. ಬಾಂಗ್ಲಾದೇಶದ ಪುಸ್ತಕದಲ್ಲಿ ಅದು ಮಾರ್ಚ್ 25ರ ರಾತ್ರಿ ಪಾಕಿಸ್ತಾನದ ಸೇನೆ ಢಾಕಾ ನಗರದ ಮೇಲೆ, ಅಲ್ಲಿನ ವಿಶ್ವವಿದ್ಯಾಲಯದ ಮೇಲೆ ಎರಗಿದಲ್ಲಿಂದ ಆರಂಭವಾಗುವ ಒಂಬತ್ತು ತಿಂಗಳ ಮುಕ್ತಿಯುದ್ಧ; ಅದರ ನಾಯಕತ್ವ ಮುಕ್ತಿಬಾಹಿನಿಯ ಹೋರಾಟಗಾರರದು, ಭಾರತದ ಸೇನೆ ಕೊನೆಯ ಹಂತದಲ್ಲಿ ಬಂದು ಕೂಡಿಕೊಂಡ ಮಿತ್ರಪಡೆ. ಪಾಕಿಸ್ತಾನದ ಬಹುಪಾಲು ಶಾಲಾ ಪುಸ್ತಕಗಳಲ್ಲಿ ಅದೇ ಸಂಗತಿ ನೆರೆದೇಶದ ಸಂಚಿನಿಂದ ದೇಶ ಎರಡಾದ ದುರಂತವಾಗಿ ಬರುತ್ತದೆ. 1970ರ ಡಿಸೆಂಬರ್ ಚುನಾವಣೆಯಲ್ಲಿ ಬಹುಮತ ಗಳಿಸಿದ ಪೂರ್ವ ಪಾಕಿಸ್ತಾನದ ಅವಾಮಿ ಲೀಗ್ ಪಕ್ಷಕ್ಕೆ ಅಧಿಕಾರ ಬಿಟ್ಟುಕೊಡದೆ ಹೋದದ್ದು, ಆಮೇಲೆ ಸ್ವಂತ ಪ್ರಜೆಗಳ ಮೇಲೆಯೇ ಸೇನೆಯನ್ನು ಹರಿಯಬಿಟ್ಟದ್ದು ಒಂದೆರಡು ಸಾಲಿನಲ್ಲಿ ಕರಗಿಹೋಗುತ್ತವೆ. ಪಾಕಿಸ್ತಾನ ಸರ್ಕಾರವೇ ನೇಮಿಸಿದ ನ್ಯಾಯಮೂರ್ತಿ ಹಮೂದುರ್ ರಹಮಾನ್ ಆಯೋಗ ತನ್ನ ಸೇನಾಧಿಕಾರಿಗಳ ನಡತೆಯನ್ನು ಕಟುವಾಗಿ ಖಂಡಿಸಿದ್ದರೂ ಆ ವರದಿ 2000ದವರೆಗೆ ಸಾರ್ವಜನಿಕರ ಕೈಗೆ ಸಿಗಲಿಲ್ಲ ಎಂಬುದನ್ನು ನೆನೆದರೆ, ಶಾಲೆಯ ಮೌನದ ಹಿಂದೆ ಸರ್ಕಾರದ ಮೌನ ಎಷ್ಟು ಗಟ್ಟಿಯಾಗಿತ್ತು ಎಂಬುದು ತಿಳಿಯುತ್ತದೆ. ಇತ್ತ ಬಾಂಗ್ಲಾದೇಶದ ಒಳಗೂ ಸ್ವಾತಂತ್ರ್ಯವನ್ನು ಮೊದಲು ಘೋಷಿಸಿದವರು ಅವಾಮಿ ಲೀಗಿನ ನಾಯಕ ಶೇಖ್ ಮುಜಿಬುರ್ ರಹಮಾನರೋ ಸೇನಾಧಿಕಾರಿ ಜಿಯಾವುರ್ ರಹಮಾನರೋ ಎಂಬ ಸಾಲು ಸರ್ಕಾರ ಬದಲಾದಾಗಲೆಲ್ಲ ಬದಲಾಗುತ್ತ ಬಂದಿದೆ. ಉರ್ದು ಮಾತನಾಡುವ ಬಿಹಾರಿ ಮುಸ್ಲಿಮರು ಆ ತಿಂಗಳುಗಳಲ್ಲಿ ಅನುಭವಿಸಿದ ಹತ್ಯೆಗಳಿಗೆ ಅಲ್ಲಿನ ಪಾಠದಲ್ಲಿ ಜಾಗ ಸಿಕ್ಕಿಲ್ಲ.

ಸತ್ತವರ ಸಂಖ್ಯೆಯ ವಿಷಯ ಇನ್ನೂ ಸೂಕ್ಷ್ಮ. ಬಾಂಗ್ಲಾದೇಶದ ಅಧಿಕೃತ ಅಂಕಿ 30 ಲಕ್ಷ. ಹಮೂದುರ್ ರಹಮಾನ್ ಆಯೋಗ ಸೇನೆಯ ವರದಿಗಳನ್ನು ನಂಬಿ ಒಪ್ಪಿಕೊಂಡದ್ದು ಸುಮಾರು 26 ಸಾವಿರ. ವಿದ್ವಾಂಸರ ಅಂದಾಜುಗಳು ಇವೆರಡರ ನಡುವೆ ಹರಡಿಕೊಂಡಿವೆ. ಯಾವ ದೇಶದ ತರಗತಿಯಲ್ಲೇ ಆಗಲಿ ಶಿಕ್ಷಕರು ಇವುಗಳಲ್ಲಿ ಒಂದನ್ನು ಕಪ್ಪು ಹಲಗೆಯ ಮೇಲೆ ಬರೆದು ಮುಂದೆ ಸಾಗಿದರೆ ವಿದ್ಯಾರ್ಥಿ ಕಲಿಯುವುದು ಒಂದು ಅಂಕಿಯನ್ನು ಮಾತ್ರ. ಎಣಿಸಿದವರು ಯಾರು, ಎಣಿಸಲು ಅವರಿಗಿದ್ದ ಆಧಾರವೇನು, ಹೆಚ್ಚಿಸುವುದರಿಂದ ಅಥವಾ ತಗ್ಗಿಸುವುದರಿಂದ ಯಾರಿಗೆ ಅನುಕೂಲ ಎಂದು ಕೇಳುವುದನ್ನು ಕಲಿಸಿದಾಗಲೇ ಅದು ಇತಿಹಾಸದ ಪಾಠವಾಗುತ್ತದೆ. ಹಾಗೆಂದು ಮಾರ್ಚ್ 25ರ ರಾತ್ರಿ ನಡೆದದ್ದು ಅಭಿಪ್ರಾಯಭೇದದ ಸಂಗತಿಯಾಗಿಬಿಡುವುದಿಲ್ಲ. ಎರಡೂ ಕಡೆಯ ಮಾತನ್ನು ಕೇಳಬೇಕೆಂಬ ನಿಯಮವನ್ನು ಎರಡೂ ಕಡೆಯ ತಪ್ಪು ಸಮವೆಂಬ ತೀರ್ಪಾಗಿ ತಿಳಿಯುವುದು ಇಂದಿನ ಶಿಕ್ಷಣ ಚರ್ಚೆಗಳಲ್ಲಿ ಪದೇ ಪದೇ ಕಾಣುವ ಗೊಂದಲ. ಸಾಕ್ಷ್ಯವನ್ನು ತೂಗಿ ನೋಡುವ ಅಭ್ಯಾಸ ಇದ್ದವರಿಗೆ ಅಪರಾಧವನ್ನು ಅಪರಾಧವೆಂದು ಹೇಳುವುದು ಇನ್ನಷ್ಟು ದೃಢವಾಗಿ ಸಾಧ್ಯವಾಗುತ್ತದೆ.

1965ರ ಯುದ್ಧದಲ್ಲೂ ಇದೇ ಬಗೆ. ಪಾಕಿಸ್ತಾನದಲ್ಲಿ ಸೆಪ್ಟೆಂಬರ್ 6 ರಕ್ಷಣಾ ದಿನ, ಅಂದರೆ ಭಾರತದ ಸೇನೆ ಲಾಹೋರಿನ ಕಡೆಗೆ ಗಡಿ ದಾಟಿದ ದಿನ. ಅಲ್ಲಿಂದ ಕಥೆ ಆರಂಭವಾದರೆ ಆಗಸ್ಟ್ ತಿಂಗಳಲ್ಲಿ ಕಾಶ್ಮೀರದೊಳಗೆ ಸಶಸ್ತ್ರ ನುಸುಳುಕೋರರನ್ನು ಕಳಿಸಿದ ಆಪರೇಷನ್ ಜಿಬ್ರಾಲ್ಟರ್ ಕಣ್ಣಿಗೇ ಬೀಳುವುದಿಲ್ಲ. ಭಾರತದ ಕಥನ ಆಗಸ್ಟ್‌ನಿಂದ ಹೊರಟು ಲಾಹೋರಿನ ಹೊಸ್ತಿಲಲ್ಲಿ ನಿಲ್ಲಲು ಇಷ್ಟಪಡುತ್ತದೆ. ಪಂಜಾಬಿನ ಖೇಮ್‌ಕರಣ್ ಎದುರಾಳಿಯ ವಶದಲ್ಲಿದ್ದುದು, ಸೈನಿಕರು ಪ್ರಾಣತೆತ್ತು ಗೆದ್ದ ಹಾಜಿ ಪೀರ್ ಕಣಿವೆಯನ್ನು 1966ರ ಜನವರಿ 10ರ ತಾಷ್ಕೆಂಟ್ ಒಪ್ಪಂದದಂತೆ ಮರಳಿಸಬೇಕಾಗಿ ಬಂದದ್ದು ಹಿನ್ನೆಲೆಗೆ ಸರಿಯುತ್ತವೆ. ಭಾರತದ ಶಿಕ್ಷಣತಜ್ಞ ಕೃಷ್ಣಕುಮಾರ್ ಅವರು 2001ರಲ್ಲಿ ಪ್ರಕಟಿಸಿದ ಕೃತಿಯಲ್ಲಿ ಸ್ವಾತಂತ್ರ್ಯ ಹೋರಾಟದ ಕಥೆಯನ್ನು ಎರಡೂ ದೇಶಗಳ ಶಾಲೆಗಳು ಹೇಳುವ ಬಗೆಯನ್ನು ಹೋಲಿಸಿದ್ದರು, ಅದಕ್ಕೂ ಮೊದಲು ಪಾಕಿಸ್ತಾನದ ಇತಿಹಾಸಕಾರ ಕೆ.ಕೆ. ಅಜೀಜ್ ತಮ್ಮ ದೇಶದ ಪಠ್ಯಪುಸ್ತಕಗಳ ದೋಷಗಳನ್ನು ಎಳೆ ಎಳೆಯಾಗಿ ತೋರಿಸಿದ್ದರು. ಇವೆರಡೂ ಶಿಕ್ಷಕರ ತರಬೇತಿಯಲ್ಲಿ ಓದಿಗೆ ಬರಬೇಕಾದ ಪುಸ್ತಕಗಳು.

ಕರ್ನಾಟಕದ ತರಗತಿಗೆ ಬಂದರೆ, ಇಲ್ಲಿನ ಮಕ್ಕಳು ಅತ್ಯಂತ ಹತ್ತಿರದಿಂದ ಓದುವ ಯುದ್ಧಗಳು 1767ರಿಂದ 1799ರವರೆಗೆ ನಡೆದ ನಾಲ್ಕು ಆಂಗ್ಲೋ-ಮೈಸೂರು ಯುದ್ಧಗಳು. ಇವುಗಳ ಇತಿಹಾಸವನ್ನು ಮೊದಲು ವಿಸ್ತಾರವಾಗಿ ಬರೆದವರಲ್ಲಿ ಪ್ರಮುಖನಾದ ಮಾರ್ಕ್ ವಿಲ್ಕ್ಸ್ ಮೈಸೂರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ರೆಸಿಡೆಂಟ್ ಆಗಿದ್ದವನು; ರೆಸಿಡೆಂಟ್ ಎಂದರೆ ದೇಶೀಯ ಅರಸರ ಆಸ್ಥಾನದಲ್ಲಿ ಬ್ರಿಟಿಷ್ ಹಿತವನ್ನು ಕಾಯಲು ನೇಮಕವಾದ ಅಧಿಕಾರಿ. 1810ರಿಂದ 1817ರ ನಡುವೆ ಹೊರಬಂದ ಅವನ ಸಂಪುಟಗಳಲ್ಲಿ ಗೆದ್ದವರು ಸೋತವರ ಬಗ್ಗೆ ಬರೆಯುವ ಧೋರಣೆ ಢಾಳಾಗಿ ಕಾಣುತ್ತದೆ. ಸ್ವಾತಂತ್ರ್ಯಾನಂತರದ ಪಠ್ಯ ಆ ಧೋರಣೆಯನ್ನು ತಿರುಗಿಸಿ ನಿಲ್ಲಿಸಿತು; ಅದು ಬೇಕಾಗಿದ್ದ ತಿದ್ದುಪಡಿ, ಆದರೆ ತಿದ್ದುವ ಭರದಲ್ಲಿ ಹದಿನೆಂಟನೆಯ ಶತಮಾನದ ಕಾಳಗಗಳು ಭಾರತಕ್ಕೂ ಬ್ರಿಟನ್ನಿಗೂ ನಡೆದ ಯುದ್ಧಗಳಾಗಿ ಮಾರ್ಪಟ್ಟವು. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರದ ಪೊಳ್ಳಿಲೂರಿನಲ್ಲಿ ಮೈಸೂರಿನ ಹೈದರ್ ಅಲಿ ಮತ್ತು ಅವನ ಮಗ ಟಿಪ್ಪುವಿನ ಸೇನೆಗೆ ಸೋತ, ಕಂಪನಿಯ ಕರ್ನಲ್ ಬೇಲಿಯ ಪಡೆಯಲ್ಲಿದ್ದವರು ಬಹುಪಾಲು ದಕ್ಷಿಣ ಭಾರತದ ಸಿಪಾಯಿಗಳು. ಮೈಸೂರಿನ ಕಡೆ ಫ್ರೆಂಚ್ ಅಧಿಕಾರಿಗಳಿದ್ದರು. 1792ರಲ್ಲಿ ಮೂರನೆಯ ಯುದ್ಧ ಮುಗಿದು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿ ಪರಿಹಾರವನ್ನೂ ಇಬ್ಬರು ಪುತ್ರರನ್ನು ಒತ್ತೆಯಾಗಿಯೂ ಟಿಪ್ಪುವಿನಿಂದ ಪಡೆದಾಗ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಜೊತೆಗೆ ಮರಾಠರೂ ನಿಜಾಮನೂ ಇದ್ದರು. ಅದೇ ಯುದ್ಧದಲ್ಲಿ, 1791ರಲ್ಲಿ, ಶೃಂಗೇರಿ ಮಠ ಲೂಟಿಯಾದದ್ದು ಮರಾಠಾ ಸೇನೆಯ ಕಡೆಯವರಿಂದ. ಮಠದ ಪುನಃಸ್ಥಾಪನೆಗೆ ಟಿಪ್ಪು ನೆರವು ನೀಡಿದ್ದಕ್ಕೆ ಕನ್ನಡದ ಪತ್ರಗಳೇ ಸಾಕ್ಷಿಯಾಗಿದ್ದು, ಅವುಗಳನ್ನು 1916ರಲ್ಲಿ ಬೆಳಕಿಗೆ ತಂದವರು ಮೈಸೂರು ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು. ಕೊಡಗಿನಲ್ಲಿ, ಮಲಬಾರಿನಲ್ಲಿ, 1784ರಲ್ಲಿ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ನಡೆದ ಕರಾವಳಿಯ ಕ್ಯಾಥೊಲಿಕ್ ಕುಟುಂಬಗಳಲ್ಲಿ ಇದೇ ಅರಸನ ಬಗ್ಗೆ ಉಳಿದಿರುವ ನೆನಪು ಬೇರೆಯದು, ಮತ್ತು ಅದಕ್ಕೂ ದಾಖಲೆಗಳಿವೆ.

ಈ ಎಲ್ಲ ಸಂಗತಿಗಳನ್ನು ಒಂದೇ ಪಾಠದಲ್ಲಿ ಕೂಡಿಸಿ ಇಡುವ ಧೈರ್ಯ ಇದುವರೆಗೆ ಯಾವ ಪಠ್ಯ ಸಮಿತಿಯಲ್ಲೂ ಸಾಕಷ್ಟು ಕಂಡುಬಂದಿಲ್ಲ ಎಂದು ವಿಷಾದದಿಂದ ಹೇಳಬೇಕಾಗಿದೆ. ರಾಜ್ಯದ ಪಠ್ಯಪುಸ್ತಕಗಳು 2022ರಲ್ಲಿ ಒಮ್ಮೆ, ಸರ್ಕಾರ ಬದಲಾದ ಬಳಿಕ 2023ರಲ್ಲಿ ಮತ್ತೊಮ್ಮೆ ಪರಿಷ್ಕರಣೆಗೊಂಡಾಗ ಬೀದಿಯಲ್ಲಿಯೂ ಪತ್ರಿಕೆಗಳಲ್ಲಿಯೂ ನಡೆದ ಜಗಳ ಬಹುತೇಕ ಯಾರ ಪಾಠ ಇರಬೇಕು, ಯಾರ ಪಾಠ ಹೋಗಬೇಕು ಎಂಬುದರ ಸುತ್ತಲೇ ಇತ್ತು. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ವಿಲ್ಕ್ಸ್ ಬರೆದದ್ದನ್ನೂ ಶೃಂಗೇರಿಯ ಪತ್ರವನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡು ತಾನೇ ಒಂದು ತೀರ್ಮಾನಕ್ಕೆ ಬರಬಲ್ಲಳು ಎಂಬ ನಂಬಿಕೆ ಆ ಚರ್ಚೆಯ ಯಾವ ಪಕ್ಷದಲ್ಲೂ ಕಾಣಲಿಲ್ಲ.

ರಾಷ್ಟ್ರದ ಕಥನಕ್ಕೆ ಹೊಂದದವರು ಅದರಿಂದ ಸದ್ದಿಲ್ಲದೆ ಹೊರಗುಳಿಯುತ್ತಾರೆ. ಮೊದಲ ಮಹಾಯುದ್ಧದಲ್ಲಿ 13 ಲಕ್ಷಕ್ಕೂ ಹೆಚ್ಚು ಭಾರತೀಯರು ಸೇವೆ ಸಲ್ಲಿಸಿದರು, ಸುಮಾರು 74 ಸಾವಿರ ಮಂದಿ ಮಡಿದರು. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಆಟೊಮನ್ ತುರ್ಕರಿಂದ ಗೆದ್ದ ಕುದುರೆ ಪಡೆಗಳಲ್ಲಿ ಜೋಧಪುರದವರೊಂದಿಗೆ ಮೈಸೂರು ಲ್ಯಾನ್ಸರ್ಸ್ ಕೂಡ ಇದ್ದರು, ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕವಿದೆ. ಬ್ರಿಟನ್ನಿನ ಶಾಲೆಗೆ ಈ ಭಾರತೀಯ ಸೈನಿಕರು ಬಹುಕಾಲ ಪರಕೀಯರಾಗಿದ್ದರು, ಸಾಮ್ರಾಜ್ಯದ ಪರವಾಗಿ ಹೋರಾಡಿದ ಕಾರಣಕ್ಕೆ ಭಾರತದ ಶಾಲೆಗೂ ಮುಜುಗರದವರಾದರು. ದುಡಿಮೆಗಾಗಿ, ಮರ್ಯಾದೆಗಾಗಿ, ಅರಸರ ಆಜ್ಞೆಗಾಗಿ ಹೋಗಿ ಮರಳಿ ಬಾರದ ಈ ಮನುಷ್ಯರಿಗೆ ಒಂದು ಪ್ಯಾರಾ ಕೊಡಲಾಗದಷ್ಟು ಇಕ್ಕಟ್ಟಾದ ದೇಶಾಭಿಮಾನವನ್ನು ಮಕ್ಕಳಿಗೆ ಉಡುಗೊರೆಯಾಗಿ ಕೊಡುವುದು ತರವಲ್ಲ.

ಬೇರೆ ದೇಶಗಳ ಅನುಭವದಲ್ಲಿ ಕಲಿಯಬೇಕಾದದ್ದು ಸಾಕಷ್ಟಿದೆ. ಜಪಾನಿನ ಇತಿಹಾಸಕಾರ ಇಯೆನಾಗ ಸಬುರೊ ತಮ್ಮ ಶಾಲಾ ಪುಸ್ತಕಕ್ಕೆ ಸರ್ಕಾರದ ಪರಿಶೀಲಕರು ಹಾಕಿದ ಕತ್ತರಿಯ ವಿರುದ್ಧ 1965ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿ, ಮೂರು ಮೊಕದ್ದಮೆಗಳ ಮೂಲಕ 1997ರವರೆಗೆ ಹೋರಾಡಿದರು. ಸುಪ್ರೀಂ ಕೋರ್ಟು ಪರಿಶೀಲನಾ ಪದ್ಧತಿಯನ್ನು ಎತ್ತಿಹಿಡಿಯಿತಾದರೂ, ಚೀನಾದಲ್ಲಿ ಜೀವಂತ ಮನುಷ್ಯರ ಮೇಲೆ ಪ್ರಯೋಗ ನಡೆಸಿದ ಸೇನೆಯ 731ನೇ ಘಟಕದ ಉಲ್ಲೇಖವನ್ನು ತೆಗೆಸಿದ್ದು ಕಾನೂನುಬಾಹಿರ ಎಂದು ತೀರ್ಪಿತ್ತಿತು. ಯುರೋಪಿನಲ್ಲಿ ಜರ್ಮನಿಯ ಬ್ರೌನ್‌ಶ್ವೈಗ್ ನಗರದ ಗಿಯೋರ್ಗ್ ಎಕರ್ಟ್ ಅವರ ಮುಂದಾಳುತನದಲ್ಲಿ ನಡೆದ ಮಾತುಕತೆಗಳ ಫಲವಾಗಿ 1951ರಲ್ಲೇ ಫ್ರೆಂಚ್ ಮತ್ತು ಜರ್ಮನ್ ಇತಿಹಾಸಕಾರರು, 1914ರ ಯುದ್ಧವನ್ನು ಯಾವುದೇ ಒಂದು ಸರ್ಕಾರ ಅಥವಾ ಜನತೆ ಮೊದಲೇ ಸಂಕಲ್ಪಿಸಿ ತಂದಿತೆಂದು ಹೇಳಲು ದಾಖಲೆಗಳು ಎಡೆಗೊಡುವುದಿಲ್ಲ ಎಂದು ಒಪ್ಪಿಕೊಂಡರು. 2003ರಲ್ಲಿ ಬರ್ಲಿನ್‌ನಲ್ಲಿ ಸೇರಿದ ಎರಡೂ ದೇಶಗಳ ಯುವ ಸಂಸತ್ತು ಸಮಾನ ಇತಿಹಾಸ ಪುಸ್ತಕ ಬೇಕೆಂದು ಕೇಳಿತು, 2006ರಲ್ಲಿ ಮೊದಲ ಸಂಪುಟ ಬಂತು. 1815ರಿಂದ 1945ರವರೆಗಿನ ಯುದ್ಧಗಳ ಕಾಲದ ಸಂಪುಟ 2008ರಲ್ಲಿ ಪ್ರಕಟವಾಯಿತು. ಇಷ್ಟೆಲ್ಲ ಆದ ಮೇಲೂ ತರಗತಿಗಳಲ್ಲಿ ಅದರ ಬಳಕೆ ಸೀಮಿತವಾಗಿಯೇ ಉಳಿಯಿತು, ಏಕೆಂದರೆ ಜರ್ಮನಿಯ ಒಂದೊಂದು ರಾಜ್ಯಕ್ಕೂ ಅದರದೇ ಪಠ್ಯಕ್ರಮ, ಅದರದೇ ಪರೀಕ್ಷೆ. ಇಸ್ರೇಲಿನ ದಾನ್ ಬರ್-ಓನ್ ಮತ್ತು ಪ್ಯಾಲೆಸ್ಟೀನಿನ ಸಾಮಿ ಅದ್ವಾನ್ ಶಿಕ್ಷಕರೊಡನೆ ಸೇರಿ ಸಿದ್ಧಪಡಿಸಿದ ಪುಸ್ತಕ ಇನ್ನೂ ದಿಟ್ಟ ಪ್ರಯೋಗ: ಪುಟದ ಒಂದು ಬದಿಗೆ ಒಂದು ಜನತೆಯ ಕಥನ, ಇನ್ನೊಂದು ಬದಿಗೆ ಇನ್ನೊಂದು ಜನತೆಯದು, ನಡುವೆ ವಿದ್ಯಾರ್ಥಿ ಬರೆಯಲೆಂದು ಬಿಟ್ಟ ಖಾಲಿ ಜಾಗ. ಎರಡೂ ಕಡೆಯ ಶಿಕ್ಷಣಾಡಳಿತಗಳು ಅದನ್ನು ಒಪ್ಪದೆ ಹೋದದ್ದು ಆ ವಿಧಾನದ ದೌರ್ಬಲ್ಯವನ್ನು ತೋರಿಸುವುದಕ್ಕಿಂತ ಹೆಚ್ಚಾಗಿ ಅದರ ಬಲವನ್ನೇ ತೋರಿಸುತ್ತದೆ.

ಎದುರಾಳಿಯ ಕಥೆಯನ್ನೂ ಓದಿಸಿದರೆ ಮಕ್ಕಳಲ್ಲಿ ದೇಶಪ್ರೇಮ ಕುಂದೀತು ಎಂಬ ಆತಂಕ ಪ್ರಾಮಾಣಿಕವಾದದ್ದು, ಅದನ್ನು ಹಗುರವಾಗಿ ಕಾಣಬಾರದು. ಐದನೆಯ ತರಗತಿಯ ಮಗುವಿಗೆ ಸಾವಿನ ಅಂಕಿಗಳ ವಿವಾದವನ್ನು ಹೇಳಬೇಕಾಗಿಲ್ಲ. ಆದರೆ ಹದಿನೈದರ ವಯಸ್ಸಿನಲ್ಲಿ, ಮೂರೇ ವರ್ಷಗಳಲ್ಲಿ ಮತ ಹಾಕಲಿರುವವರಿಗೆ, ಕೈಯಲ್ಲಿರುವ ಮೊಬೈಲಿನಲ್ಲಿ ಎದುರು ಕಡೆಯ ಕಥೆ ಹೇಗೂ ಸಿಗುತ್ತದೆ. ತರಗತಿಯಲ್ಲಿ ಶಿಕ್ಷಕರ ಸಮ್ಮುಖದಲ್ಲಿ, ಆಧಾರಸಹಿತವಾಗಿ ಅದನ್ನು ಕೇಳದವರು ಹೊರಗೆ ಕೇಳಿದಾಗ ಒಂದೋ ಕುರುಡು ಸಿಟ್ಟಿಗೆ ಬೀಳುತ್ತಾರೆ, ಇಲ್ಲವೇ ಶಾಲೆ ಹೇಳಿದ್ದೆಲ್ಲವನ್ನೂ ಅನುಮಾನಿಸತೊಡಗುತ್ತಾರೆ.

ಆದ್ದರಿಂದ ಈ ಸಮ್ಮೇಳನದ ಮುಂದೆ ಇಡಲಾಗುತ್ತಿರುವ ಸಲಹೆ ಹೊಸ ಪಠ್ಯಪುಸ್ತಕದ ಬೇಡಿಕೆಗಿಂತ ಚಿಕ್ಕದು. ಪಾಠ ಏನೇ ಇರಲಿ, ಪರೀಕ್ಷೆ ಕೇಳುವುದನ್ನೇ ಶಾಲೆ ಕಲಿಸುತ್ತದೆ. ಒಪ್ಪಂದದ ಇಸವಿ ಮತ್ತು ಷರತ್ತುಗಳನ್ನು ಕೇಳುವ ಪ್ರಶ್ನೆಪತ್ರಿಕೆ ಇರುವವರೆಗೆ ಸಾಕ್ಷ್ಯವನ್ನು ತೂಗುವ ಪಾಠ ಪುಸ್ತಕದಲ್ಲೇ ಉಳಿಯುತ್ತದೆ. ಪೊಳ್ಳಿಲೂರಿನ ಕಾಳಗವೊಂದನ್ನೇ ಆರಿಸಿಕೊಂಡು, ಸೆರೆಸಿಕ್ಕ ಇಂಗ್ಲಿಷ್ ಅಧಿಕಾರಿಗಳ ಬರಹ, ಮೈಸೂರು ಆಸ್ಥಾನದ ಪಾರ್ಸಿ ಕಥನದ ಕನ್ನಡ ಅನುವಾದ, ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲಿರುವ ಆ ಕಾಳಗದ ಚಿತ್ರ, ಸೆರೆಯಲ್ಲೇ 1782ರಲ್ಲಿ ತೀರಿಕೊಂಡ ಬೇಲಿಯ ಸ್ಮಾರಕದ ಪರಿಚಯ, ಇವಿಷ್ಟನ್ನು ಒಳಗೊಂಡ ಆಕರ ಸಂಪುಟವೊಂದನ್ನು, ಅಂದರೆ ಮೂಲ ದಾಖಲೆಗಳನ್ನು ವಿದ್ಯಾರ್ಥಿಗಳ ಓದಿಗೆ ತಕ್ಕಂತೆ ಕೂಡಿಸಿದ ಕಿರುಪುಸ್ತಕವನ್ನು, ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳ ನೆರವಿನಿಂದ ಸಿದ್ಧಪಡಿಸಬಹುದು. ಅರಮನೆಯ ಚಿತ್ರವೂ ಗೆದ್ದವರು ಬರೆಸಿದ ಚಿತ್ರವೇ ಎಂಬುದನ್ನು ಮಕ್ಕಳು ತಾವಾಗಿ ಗುರುತಿಸುವಂತೆ ಪ್ರಶ್ನೆಗಳಿರಬೇಕು. ಅದರ ಜೊತೆಗೆ, ಎಸ್‌ಎಸ್‌ಎಲ್‌ಸಿ ಪ್ರಶ್ನೆಪತ್ರಿಕೆಯಲ್ಲಿ ಒಂದೇ ಘಟನೆಯ ಎರಡು ಪರಸ್ಪರ ವಿರುದ್ಧ ವರದಿಗಳನ್ನು ಕೊಟ್ಟು, ಯಾವುದನ್ನು ಎಷ್ಟು ನಂಬಬಹುದು, ಏಕೆ ಎಂದು ಕೇಳುವ ನಾಲ್ಕು ಅಂಕಗಳ ಒಂದು ಪ್ರಶ್ನೆ ಕಡ್ಡಾಯವಾಗಿ ಇರಬೇಕೆಂಬ ಮನವಿಯನ್ನು ಸರ್ಕಾರಕ್ಕೆ ಸಲ್ಲಿಸುವುದು ಸೂಕ್ತ. ಮೌಲ್ಯಮಾಪಕರು ತೀರ್ಮಾನ ಯಾವುದೆಂದು ನೋಡಿ ಅಂಕ ಕೊಡದೆ ಆಧಾರವನ್ನು ಬಳಸಿದ ರೀತಿಗೆ ಅಂಕ ಕೊಡುವಂತೆ ಮಾದರಿ ಉತ್ತರಗಳನ್ನೂ ಸೂಚನೆಗಳನ್ನೂ ರೂಪಿಸುವ ಹೊಣೆಯನ್ನು ಇಲ್ಲಿ ನೆರೆದಿರುವ ಅಧ್ಯಾಪಕರೇ ವಹಿಸಿಕೊಳ್ಳಬೇಕಾಗುತ್ತದೆ.