ಕೊಟ್ಟಿಗೆಯ ಮಾಡಿನಿಂದ ಊರಿನ ತಂತಿಗೆ: ಹೆರ್ಮಾನ್ ಶೇರ್ ಮತ್ತು ಜರ್ಮನಿಯ ವಿದ್ಯುತ್ ಕಾನೂನು

(ಭಾಷಣದ ಪಾಠ)



ಜರ್ಮನಿಯ ದಕ್ಷಿಣಕ್ಕೆ ಬವೇರಿಯ ಎಂಬ ರಾಜ್ಯವಿದೆ. ಆಲ್ಪ್ಸ್ ಬೆಟ್ಟಗಳಿಂದ ಇಳಿದು ಬರುವ ಹೊಳೆಗಳ ದಂಡೆಯಲ್ಲಿ ಅಲ್ಲಿ ಹಳೆಯ ಕಾಲದ ಹಿಟ್ಟಿನ ಗಿರಣಿಗಳೂ ಮರ ಕೊಯ್ಯುವ ಗಿರಣಿಗಳೂ ಇವೆ. ಹಲವು ಗಿರಣಿಗಳ ಒಡೆಯರು ನೀರಿನ ಚಕ್ರದ ಜಾಗದಲ್ಲಿ ಸಣ್ಣ ಟರ್ಬೈನುಗಳನ್ನು ಕೂರಿಸಿ ವಿದ್ಯುತ್ತು ಉತ್ಪಾದಿಸುತ್ತಿದ್ದರು. ಮನೆಗೂ ಗಿರಣಿಗೂ ಬೇಕಾದಷ್ಟನ್ನು ಬಳಸಿ ಮಿಕ್ಕಿದ್ದನ್ನು ಊರಿನ ತಂತಿಗೆ ಬಿಡಬಹುದಿತ್ತು. ಆದರೆ ತಂತಿ ಕಂಪನಿಯದು, ಆ ಪ್ರದೇಶಕ್ಕೆ ಕಂಪನಿಯೂ ಒಂದೇ. ಒಬ್ಬನೇ ದಲ್ಲಾಳಿ ಇರುವ ಮಂಡಿಗೆ ಟೊಮ್ಯಾಟೊ ಒಯ್ದವರಿಗೆ ಆ ಮಿಲ್ಲಿನವರ ಪಾಡನ್ನು ವಿವರಿಸಿ ಹೇಳಬೇಕಾಗಿಲ್ಲ. ಕಂಪನಿ ಹೇಳಿದ್ದೇ ದರ, ಅದೂ ಬಹಳ ಕಡಿಮೆ.

ಈ ಗಿರಣಿಗಳವರ ಪರವಾಗಿ ಸಂಸತ್ತಿನಲ್ಲಿ ವರ್ಷಗಟ್ಟಲೆ ವಾದಿಸಿದವರು ಮಟಿಯಾಸ್ ಎಂಗೆಲ್ಸ್‌ಬರ್ಗರ್. ಅವರು ಬವೇರಿಯದ ಸಂಪ್ರದಾಯಸ್ಥ ಪಕ್ಷದ ಸದಸ್ಯರು, ಪರಿಸರವಾದಿ ಎಂಬ ಹೆಸರು ಅವರಿಗೆ ಇರಲಿಲ್ಲ. ಆದರೂ ಗ್ರೀನ್ ಪಕ್ಷದ ವುಲ್ಫ್‌ಗಾಂಗ್ ಡೇನಿಯೆಲ್ಸ್ ಅವರೊಡನೆ ಕೂಡಿ ಒಂದು ಮಸೂದೆಗೆ ದಾರಿ ಮಾಡಿದರು. 1990ರಲ್ಲಿ ಸಂಸತ್ತು ಅದನ್ನು ಅಂಗೀಕರಿಸಿತು. 1991ರ ಜನವರಿ 1ರಿಂದ ಜಾರಿಗೆ ಬಂದ ಆ ಕಾನೂನು ಒಂದೆರಡು ಪುಟದಷ್ಟೇ ಇತ್ತು. ಗಾಳಿ, ಬಿಸಿಲು, ಸಣ್ಣ ಜಲಪಾತ, ಕೃಷಿಯ ಕಸಕಡ್ಡಿ ಇವುಗಳಿಂದ ತಯಾರಾದ ವಿದ್ಯುತ್ತನ್ನು ಆಯಾ ಪ್ರದೇಶದ ಕಂಪನಿ ಕೊಳ್ಳಲೇಬೇಕು ಎಂದು ಅದು ವಿಧಿಸಿತು. ಗಾಳಿ ಮತ್ತು ಸೌರ ವಿದ್ಯುತ್ತಿಗೆ ಗ್ರಾಹಕರು ಸರಾಸರಿ ತೆರುವ ದರದ ಶೇ. 90ರಷ್ಟನ್ನು ಕೊಡಬೇಕು ಎಂದೂ ಹೇಳಿತು. ದೊಡ್ಡ ಕಂಪನಿಗಳು ಆಗ ಪೂರ್ವ ಜರ್ಮನಿಯ ವಿದ್ಯುತ್ ವ್ಯವಸ್ಥೆಯನ್ನು ವಶಕ್ಕೆ ತೆಗೆದುಕೊಳ್ಳುವ ಗಡಿಬಿಡಿಯಲ್ಲಿದ್ದವು. ನಾಲ್ಕು ಗಿರಣಿಗಳ ಈ ಮಸೂದೆಯಿಂದ ತಮಗೇನಾದೀತು ಎಂದು ಅವು ಅದರ ಕಡೆ ತಿರುಗಿ ನೋಡಲಿಲ್ಲ.

ಉತ್ತರದ ಕಡಲತೀರದಲ್ಲಿ ಗಾಳಿ ಚೆನ್ನಾಗಿ ಬೀಸುತ್ತದೆ. ಅಲ್ಲಿನ ರೈತರಿಗೆ ಈ ದರ ಸಾಕಾಯಿತು. ನೆರೆಹೊರೆಯವರು ಪಾಲು ಹಾಕಿ, ಬ್ಯಾಂಕಿನಿಂದ ಸಾಲ ಪಡೆದು ಹೊಲದ ಬದಿಯಲ್ಲಿ ಗಾಳಿಯಂತ್ರಗಳನ್ನು ನಿಲ್ಲಿಸಿದರು. ಗಾಳಿಯಂತ್ರಗಳು ಹೆಚ್ಚಿದ ಮೇಲೆ ಕಂಪನಿಗಳು ಎಚ್ಚೆತ್ತು, 1997ರಲ್ಲಿ ದರ ಇಳಿಸುವ ಪ್ರಯತ್ನ ನಡೆಯಿತು. ಆಗ ರೈತರು, ಲೋಹ ಕಾರ್ಮಿಕರು, ಚರ್ಚಿನ ಸಂಘಟನೆಗಳು, ಪರಿಸರ ಸಂಘಗಳು ಬಾನ್‌ನಲ್ಲಿ ಒಟ್ಟಿಗೆ ಮೆರವಣಿಗೆ ನಡೆಸಿದವು. ಸಂಸತ್ತಿನ ಸಮಿತಿಯಲ್ಲಿ ದರ ಇಳಿಕೆಯ ಪ್ರಸ್ತಾಪ ಒಂದೇ ಮತದ ಅಂತರದಿಂದ ಬಿದ್ದುಹೋಯಿತು.

ಆ ಹೊತ್ತಿಗೆ ಸಂಸತ್ತಿನಲ್ಲಿ ಈ ವಿಷಯಕ್ಕೆ ಮುಂದಾಳಾಗಿದ್ದವರು ಹೆರ್ಮಾನ್ ಶೇರ್. 1944ರಲ್ಲಿ ಜನಿಸಿದ ಅವರು 1980ರಿಂದ 2010ರಲ್ಲಿ ತೀರಿಕೊಳ್ಳುವವರೆಗೆ ಸೋಷಿಯಲ್ ಡೆಮೊಕ್ರಾಟಿಕ್ ಪಕ್ಷದಿಂದ ಸಂಸತ್ ಸದಸ್ಯರಾಗಿದ್ದರು. ರಾಜಕೀಯಕ್ಕೆ ಪೂರ್ಣವಾಗಿ ಬರುವ ಮುನ್ನ ಅವರು ಕೆಲಸ ಮಾಡಿದ್ದು ಕಾರ್ಲ್ಸ್‌ರೂವ ಪರಮಾಣು ಸಂಶೋಧನಾ ಕೇಂದ್ರದಲ್ಲಿ ಎಂಬುದು ಸ್ವಾರಸ್ಯದ ಸಂಗತಿ. 1988ರಲ್ಲಿ ಯೂರೋಸೋಲಾರ್ ಎಂಬ ಸಂಸ್ಥೆಯನ್ನು ಹುಟ್ಟುಹಾಕಿದರು. ಮೂವತ್ತು ವರ್ಷ ಸಂಸತ್ತಿನಲ್ಲಿದ್ದರೂ ಅವರು ಒಮ್ಮೆಯೂ ಕೇಂದ್ರದಲ್ಲಿ ಮಂತ್ರಿಯಾಗಲಿಲ್ಲ.

ಅವರ ಮೂಲ ವಿಚಾರ ರೈತರಿಗೆ ಸುಲಭವಾಗಿ ತಿಳಿಯುವಂಥದು. ಕಲ್ಲಿದ್ದಲು, ಎಣ್ಣೆ, ಯುರೇನಿಯಂ ಸಿಗುವ ಸ್ಥಳಗಳು ಭೂಮಿಯ ಮೇಲೆ ಕೆಲವೇ. ಅಲ್ಲಿ ಅಗೆದು, ಸಾಗಿಸಿ, ಶುದ್ಧಿ ಮಾಡಿ, ಉರಿಸಿ, ದೂರದ ತಂತಿಯಲ್ಲಿ ಹರಿಸಿ ಮನೆಗೆ ತರಬೇಕು. ಈ ಸರಪಳಿ ಉದ್ದವಾದಷ್ಟೂ ಅದನ್ನು ನಡೆಸಲು ದೊಡ್ಡ ಬಂಡವಾಳ ಬೇಕು, ಒಂದೊಂದು ಕೊಂಡಿಯಲ್ಲೂ ಶಕ್ತಿ ನಷ್ಟವಾಗುತ್ತದೆ. ಬಿಸಿಲು, ಗಾಳಿ, ಸಗಣಿ ಮಾತ್ರ ಊರೂರಿನಲ್ಲಿವೆ. ಅವುಗಳನ್ನು ಸಿಕ್ಕಿದ ಜಾಗದಲ್ಲೇ ಬಳಸಿದರೆ ಸರಪಳಿ ಗಿಡ್ಡವಾಗುತ್ತದೆ, ನಷ್ಟವೂ ಇಳಿಯುತ್ತದೆ. ಶಕ್ತಿಯ ಮಿತವ್ಯಯವೆಂದರೆ ದೀಪ ಆರಿಸುವುದಷ್ಟೇ ಅಲ್ಲ, ಈ ಸರಪಳಿಯನ್ನು ಮೊಟಕು ಮಾಡುವುದೂ ಹೌದು ಎಂಬುದು ಅವರ ವಾದವಾಗಿತ್ತು. ಈ ಕಾರಣಕ್ಕಾಗಿಯೇ ಸಹಾರಾ ಮರುಭೂಮಿಯಿಂದ ಯೂರೋಪಿಗೆ ಸೌರ ವಿದ್ಯುತ್ತು ತರುವ ಭಾರಿ ಯೋಜನೆಯನ್ನೂ ಅವರು ಒಪ್ಪಲಿಲ್ಲ. ಬಿಸಿಲಿನದಾದರೂ ಸರಪಳಿ ಉದ್ದವೇ ಆಯಿತಲ್ಲ ಎಂಬುದು ಅವರ ತಕರಾರು. ಈ ಮಾತಿನಲ್ಲಿ ಸ್ವಲ್ಪ ಹಠವೂ ಇತ್ತೆನ್ನಬೇಕು. ಕಾರ್ಖಾನೆಗಳಿಂದ ತುಂಬಿದ ದೇಶಕ್ಕೆ ಕೊಟ್ಟಿಗೆಯ ಮಾಡುಗಳಷ್ಟೇ ಸಾಲವು.

1998ರಲ್ಲಿ ಸರ್ಕಾರ ಬದಲಾಯಿತು. 1999ರಲ್ಲಿ ಒಂದು ಲಕ್ಷ ಮನೆಗಳ ಮಾಡಿನ ಮೇಲೆ ಸೌರ ಫಲಕ ಹೊದಿಸಲು ಕಡಿಮೆ ಬಡ್ಡಿಯ ಸಾಲ ಯೋಜನೆ ಆರಂಭವಾಯಿತು. ಆದರೆ ಸಾಲ ಸಿಕ್ಕರೆ ಸಾಲದು, ಉತ್ಪನ್ನಕ್ಕೆ ಬೆಲೆಯೂ ಬೇಕು. ಹಳೆಯ ಕಾನೂನಿನ ಶೇ. 90 ಗಾಳಿಗೆ ಸಾಕಾದರೂ ಆಗ ಬಹಳ ದುಬಾರಿಯಾಗಿದ್ದ ಸೌರ ವಿದ್ಯುತ್ತಿಗೆ ಏನೇನೂ ಸಾಲುತ್ತಿರಲಿಲ್ಲ. ಉತ್ಪಾದನೆಯ ಖರ್ಚು ಲೆಕ್ಕಹಾಕಿ ದರ ಕೊಡುವ ಪದ್ಧತಿಯನ್ನು ಬವೇರಿಯದ ಹಾಮೆಲ್‌ಬುರ್ಗ್ ಎಂಬ ಸಣ್ಣ ಪಟ್ಟಣ 1993ರಲ್ಲೇ ಮಾಡಿ ತೋರಿಸಿತ್ತು. ಅಲ್ಲಿನ ಪುರಸಭೆಯಲ್ಲಿ ಅದಕ್ಕಾಗಿ ದುಡಿದ ಶಾಲಾ ಶಿಕ್ಷಕ ಹಾನ್ಸ್ ಯೋಸೆಫ್ ಫೆಲ್ 1998ರಲ್ಲಿ ಗ್ರೀನ್ ಪಕ್ಷದಿಂದ ಸಂಸತ್ತಿಗೆ ಬಂದಿದ್ದರು. ಇಲಾಖೆಯ ಉತ್ಸಾಹ ಅಷ್ಟಕ್ಕಷ್ಟೆ. ಆದ್ದರಿಂದ ಶೇರ್, ಫೆಲ್ ಮತ್ತು ಅವರ ಒಂದಿಬ್ಬರು ಸಂಗಡಿಗರು ಸಂಸತ್ ಸದಸ್ಯರಾಗಿ ತಾವೇ ಮಸೂದೆಯನ್ನು ಮುಂದಿಟ್ಟರು. 2000ದ ಏಪ್ರಿಲ್ 1ರಂದು ಅದು ಕಾನೂನಾಗಿ ಜಾರಿಗೆ ಬಂದಿತು.

ಈ ಕಾನೂನಿನ ಕಟ್ಟನ್ನು ಸ್ವಲ್ಪ ನಿಧಾನವಾಗಿ ನೋಡುವುದು ಒಳ್ಳೆಯದು. ಸೌರ ವಿದ್ಯುತ್ತಿಗೆ ಯೂನಿಟ್ಟಿಗೆ 99 ಫೆನಿಗ್, ಎಂದರೆ ಸುಮಾರು ಒಂದು ಮಾರ್ಕ್ ಎಂದು ನಿಗದಿಯಾಯಿತು. ಘಟಕ ಆರಂಭವಾದ ವರ್ಷದ ದರ ಮುಂದಿನ ಇಪ್ಪತ್ತು ವರ್ಷ ಬದಲಾಗದು. ಈ ಒಂದು ಸಾಲು ಕಾನೂನಿನಲ್ಲಿದ್ದುದರಿಂದಲೇ ಹಳ್ಳಿಯ ಬ್ಯಾಂಕಿನ ಮ್ಯಾನೇಜರು ರೈತನಿಗೆ ಧೈರ್ಯದಿಂದ ಸಾಲ ಕೊಟ್ಟ. ಆದರೆ ತಡಮಾಡಿ ಬಂದವನಿಗೆ ದರ ಕಡಿಮೆ. ಸೌರ ಘಟಕಗಳಿಗೆ 2002ರಿಂದ ವರ್ಷಕ್ಕೆ ಶೇ. 5ರಷ್ಟು ಇಳಿಕೆ ಬರೆದಿಡಲಾಗಿತ್ತು. ಫಲಕ ತಯಾರಿಸುವವರು ವರ್ಷ ವರ್ಷವೂ ಬೆಲೆ ಇಳಿಸಲೇಬೇಕು ಎಂಬುದು ಇದರ ಉದ್ದೇಶ. ಹಣ ಬಂದದ್ದು ಸರ್ಕಾರದ ಬೊಕ್ಕಸದಿಂದಲ್ಲ. ಹೆಚ್ಚುವರಿ ಖರ್ಚನ್ನು ವಿದ್ಯುತ್ ಬಳಸುವ ಎಲ್ಲರ ಬಿಲ್ಲಿನ ಮೇಲೆ ಹಂಚಲಾಯಿತು. ಹಾಗಾಗಿ ಬಜೆಟ್ಟಿನಲ್ಲಿ ಈ ವರ್ಷ ಹಣವಿಲ್ಲ ಎಂದು ಯಾವ ಮಂತ್ರಿಯೂ ಕೈಯಾಡಿಸುವಂತಿರಲಿಲ್ಲ.

ಇನ್ನೊಂದು ಅಂಶ ವಿಸ್ತರಣಾ ಕಾರ್ಯಕರ್ತರು ವಿಶೇಷವಾಗಿ ಗಮನಿಸತಕ್ಕದ್ದು. ಹಣ ಕೊಟ್ಟಿದ್ದು ಘಟಕ ಕಟ್ಟಿದ್ದಕ್ಕಲ್ಲ, ತಂತಿಗೆ ಬಿಟ್ಟ ಯೂನಿಟ್ಟಿಗೆ. ಭಾರತದಲ್ಲಿ 1981-82ರಲ್ಲಿ ಆರಂಭವಾದ ರಾಷ್ಟ್ರೀಯ ಯೋಜನೆಯಲ್ಲಿ ಗೋಬರ್ ಗ್ಯಾಸ್ ಘಟಕ ಕಟ್ಟಲು ಸಹಾಯಧನ ದೊರೆಯಿತು. ಘಟಕಗಳೂ ಎದ್ದವು. ಆದರೆ ಕಟ್ಟಿದ ಮೂರನೆಯ ವರ್ಷ ಗುಮ್ಮಟ ಬಿರುಕುಬಿಟ್ಟರೆ, ಹಸು ಮಾರಿದ ಮೇಲೆ ಸಗಣಿ ಸಾಲದಾದರೆ ಕೇಳುವವರಿರಲಿಲ್ಲ. ಎಷ್ಟೋ ಊರುಗಳಲ್ಲಿ ಆ ತೊಟ್ಟಿಗಳು ಈಗ ಕಸದ ಗುಂಡಿಗಳಾಗಿವೆ. ಜರ್ಮನಿಯ ರೈತನಾದರೋ ಮಾಡಿನ ಮೇಲೆ ಹಿಮ ಬಿದ್ದರೆ, ಮೀಟರು ನಿಂತರೆ ಅಂದೇ ವಿಚಾರಿಸುತ್ತಾನೆ. ನಿಂತ ಮೀಟರಿಗೆ ದುಡ್ಡಿಲ್ಲ.

ಪರಿಣಾಮ ಏನಾಯಿತು? 2000ದಲ್ಲಿ ಜರ್ಮನಿ ಬಳಸಿದ ವಿದ್ಯುತ್ತಿನಲ್ಲಿ ನವೀಕರಿಸಬಹುದಾದ ಮೂಲಗಳ ಪಾಲು ಸುಮಾರು ಶೇ. 6. 2023ರಲ್ಲಿ ಅದು ಅರ್ಧವನ್ನು ದಾಟಿತು. 2010ರ ಸುಮಾರಿಗೆ ಈ ಘಟಕಗಳ ಒಟ್ಟು ಸಾಮರ್ಥ್ಯದಲ್ಲಿ ಅರ್ಧದಷ್ಟು ವ್ಯಕ್ತಿಗಳ ಮತ್ತು ರೈತರ ಒಡೆತನದಲ್ಲಿತ್ತು. ರೈತರದೇ ಹತ್ತರಲ್ಲಿ ಒಂದು ಪಾಲು.

ಆದರೆ ಬೇಸಾಯದ ದೃಷ್ಟಿಯಿಂದ ಈ ಕಥೆಗೆ ಇನ್ನೊಂದು ಮುಖವಿದೆ. 2004ರಲ್ಲಿ ಕಾನೂನನ್ನು ತಿದ್ದಿದಾಗ ಜೈವಿಕ ಅನಿಲದ ವಿದ್ಯುತ್ತಿಗೆ ಮೂಲದರದ ಮೇಲೆ ಯೂನಿಟ್ಟಿಗೆ 6 ಸೆಂಟ್ ಹೆಚ್ಚುವರಿ ಕೊಡಲಾಯಿತು. ಬೆಳೆದ ಬೆಳೆಯನ್ನೋ ಸಗಣಿ ಗಂಜಲವನ್ನೋ ಮಾತ್ರ ತೊಟ್ಟಿಗೆ ಹಾಕುವ ಸಣ್ಣ ಘಟಕಗಳಿಗೆ ಈ ಸೌಲಭ್ಯ. ಎರಡಕ್ಕೂ ದರ ಒಂದೇ. ಇಲ್ಲಿಯೇ ಎಡವಟ್ಟಾಯಿತು. ಒಂದು ಟನ್ ದನದ ಬಗ್ಗಡದಿಂದ ಸುಮಾರು 25 ಘನ ಮೀಟರು ಅನಿಲ ಬರುತ್ತದೆ. ಒಂದು ಟನ್ ಮುಸುಕಿನ ಜೋಳದ ರಸಮೇವಿನಿಂದ ಸುಮಾರು 200 ಘನ ಮೀಟರು. ಹೆಕ್ಟೇರಿಗೆ 45 ಟನ್ ಹಸಿರು ಇಳುವರಿ ಬಂದರೆ 9,000 ಘನ ಮೀಟರು ಅನಿಲ, ಘನ ಮೀಟರಿಗೆ ಎರಡರಂತೆ 18,000 ಯೂನಿಟ್ಟು. ಅಷ್ಟನ್ನು ಬಗ್ಗಡದಿಂದಲೇ ಪಡೆಯಬೇಕಾದರೆ ಹದಿನೆಂಟು ಹಸುಗಳ ವರ್ಷದ ಸಗಣಿ ಗಂಜಲ ಬೇಕು. ರೈತ ಯಾವುದನ್ನು ಆರಿಸಿಕೊಂಡ ಎಂದು ಹೇಳಬೇಕಾದ್ದಿಲ್ಲ.

2000ದ ಸುಮಾರಿಗೆ ಸಾವಿರದಷ್ಟಿದ್ದ ಜೈವಿಕ ಅನಿಲ ಘಟಕಗಳು 2011ರ ವೇಳೆಗೆ ಏಳು ಸಾವಿರವಾದವು. ಕಾಳಿಗೂ ಮೇವಿಗೂ ಸೇರಿ ಮುಸುಕಿನ ಜೋಳದ ವಿಸ್ತೀರ್ಣ ಸುಮಾರು 25 ಲಕ್ಷ ಹೆಕ್ಟೇರಿಗೆ ಏರಿತು. ಕೆಲವು ಜಿಲ್ಲೆಗಳಲ್ಲಿ ಹುಲ್ಲುಗಾವಲುಗಳನ್ನು ಉತ್ತು ಜೋಳ ಹಾಕಿದರು. ಸಾಲಿನ ನಡುವೆ ಅಂತರ ಹೆಚ್ಚಾಗಿ, ಮೊದಲ ದಿನಗಳಲ್ಲಿ ನೆಲ ಮುಚ್ಚದ ಈ ಬೆಳೆ ಇಳಿಜಾರಿನಲ್ಲಿ ಮಣ್ಣಿನ ಕೊಚ್ಚಣೆಗೆ ಎಡೆಮಾಡಿಕೊಡುತ್ತದೆ. ಬೆಳೆ ಸರದಿ ತಪ್ಪಿ ಜೋಳದ ಮೇಲೆ ಜೋಳ ಬಿದ್ದಲ್ಲಿ ಬೇರು ಕೊರೆಯುವ ದುಂಬಿಗೆ ಹಬ್ಬ. ಅಮೆರಿಕ ಮೂಲದ ಆ ಕೀಟ 2007ರಲ್ಲಿ ದಕ್ಷಿಣ ಜರ್ಮನಿಯಲ್ಲಿ ಕಾಣಿಸಿಕೊಂಡಿತು. ಗೇಣಿ ದರ ಏರಿತು. ಹೈನುಗಾರನೂ ಅನಿಲ ಘಟಕದವನೂ ಒಂದೇ ಜಮೀನಿಗೆ ಸವಾಲು ಕೂಗಿದಾಗ ಇಪ್ಪತ್ತು ವರ್ಷದ ಖಾತರಿ ಬೆಲೆ ಇದ್ದವನೇ ಗೆದ್ದ. ಹಾಲಿಗೆ ಅಂಥ ಖಾತರಿ ಇರಲಿಲ್ಲ.

ಶಾಸನಕರ್ತರು ತಪ್ಪನ್ನು ತಿದ್ದಿಕೊಂಡರು, ತಡವಾಗಿ. 2009ರಲ್ಲಿ ಶೇ. 30ರಷ್ಟಾದರೂ ಬಗ್ಗಡ ಬಳಸುವವರಿಗೆ ಪ್ರತ್ಯೇಕ ಹೆಚ್ಚುವರಿ ದರ ಬಂತು. 2012ರಿಂದ ಹೊಸ ಘಟಕಗಳಲ್ಲಿ ಮುಸುಕಿನ ಜೋಳ ಮತ್ತು ಧಾನ್ಯದ ಕಾಳು ತೂಕದಲ್ಲಿ ಶೇ. 60ನ್ನು ಮೀರಕೂಡದೆಂದು ಮಿತಿ ಹಾಕಲಾಯಿತು. ಶೇ. 80ರಷ್ಟು ಬಗ್ಗಡವನ್ನೇ ಬಳಸುವ 75 ಕಿಲೋವಾಟ್‌ವರೆಗಿನ ಸಣ್ಣ ಘಟಕಗಳಿಗೆ ಉತ್ತಮ ದರ ಸಿಕ್ಕಿತು. 2004ರ ತಿದ್ದುಪಡಿಯಲ್ಲಿ ಒಂದು ಒಳ್ಳೆಯ ಅಂಶವೂ ಇತ್ತು. ಅನಿಲದ ಎಂಜಿನು ಶಕ್ತಿಯ ಶೇ. 35-40ನ್ನು ಮಾತ್ರ ವಿದ್ಯುತ್ತಾಗಿಸುತ್ತದೆ, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಆ ಬಿಸಿಯನ್ನು ಕಾಳು ಒಣಗಿಸಲು, ಹಸಿರುಮನೆಗೆ, ಊರಿನ ಮನೆಗಳನ್ನು ಬೆಚ್ಚಗಿಡಲು ಬಳಸಿದವನಿಗೆ ಯೂನಿಟ್ಟಿಗೆ 2 ಸೆಂಟ್ ಹೆಚ್ಚು. ಮಿತವ್ಯಯಕ್ಕೆ ಭಾಷಣಕ್ಕಿಂತ ಈ 2 ಸೆಂಟ್ ಹೆಚ್ಚು ಕೆಲಸ ಮಾಡಿತು.

ಬಳಕೆದಾರರ ಬಿಲ್ಲಿನ ಮೇಲೆ ಬಿದ್ದ ಹೊರೆಯನ್ನೂ ಮರೆಯಬಾರದು. 2010ರಿಂದ 2012ರವರೆಗೆ ಫಲಕಗಳ ಬೆಲೆ ದರಕ್ಕಿಂತ ವೇಗವಾಗಿ ಕುಸಿದು, ವರ್ಷಕ್ಕೆ ಏಳು ಸಾವಿರ ಮೆಗಾವಾಟಿಗೂ ಹೆಚ್ಚು ಸೌರ ಘಟಕಗಳು ಎದ್ದವು. 2014ರಲ್ಲಿ ಪ್ರತಿ ಯೂನಿಟ್ಟಿನ ಮೇಲೆ 6.24 ಸೆಂಟ್ ಮೇಲ್ತೆರಿಗೆ ಬಿದ್ದಿತು. ದೊಡ್ಡ ಕಾರ್ಖಾನೆಗಳಿಗೆ ವಿನಾಯಿತಿ ಕೊಟ್ಟದ್ದರಿಂದ ಮನೆಯವರ ಪಾಲು ಇನ್ನಷ್ಟು ಬೆಳೆಯಿತು. ಕೊನೆಗೆ 2022ರ ಜುಲೈನಲ್ಲಿ ಅದನ್ನು ಬಿಲ್ಲಿನಿಂದ ತೆಗೆದು ಸರ್ಕಾರವೇ ವಹಿಸಿಕೊಂಡಿತು. ದೊಡ್ಡ ಘಟಕಗಳಿಗೆ 2017ರಿಂದ ದರವನ್ನು ಹರಾಜಿನಲ್ಲಿ ನಿರ್ಧರಿಸಲಾಗುತ್ತಿದೆ. ಹರಾಜಿನಲ್ಲಿ ಕೂಗುವ ಶಕ್ತಿ ನೆರೆಹೊರೆಯ ರೈತರ ಕೂಟಕ್ಕಿಂತ ಕಂಪನಿಗಳಿಗೇ ಹೆಚ್ಚು.

ಕರ್ನಾಟಕದ ರೈತರಿಗೆ ಇದರಿಂದ ತಿಳಿಯಬೇಕಾದ್ದು ಇದೆ. ಪಾವಗಡದ ಸೌರ ಪಾರ್ಕು 2,050 ಮೆಗಾವಾಟಿನದು. ಸುಮಾರು 13,000 ಎಕರೆ ಜಮೀನನ್ನು ರೈತರಿಂದ ಗೇಣಿಗೆ ಪಡೆಯಲಾಗಿದೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಮಳೆ ಕೈಕೊಡುವ ಸೀಮೆಯಲ್ಲಿ ಇದು ನಿಶ್ಚಿತ ಆದಾಯ, ಅಲ್ಲಗಳೆಯುವಂತಿಲ್ಲ. ಆದರೆ ಜಮೀನಿದ್ದವನಿಗೆ ಗೇಣಿ ಬಂತು, ಅದೇ ಜಮೀನಿನಲ್ಲಿ ಕೂಲಿ ಮಾಡುತ್ತಿದ್ದವನಿಗೆ, ಕುರಿ ಮೇಯಿಸುತ್ತಿದ್ದವನಿಗೆ ಏನೂ ಬರಲಿಲ್ಲ. ಶೇರ್ ಅವರ ಕಾನೂನಿನಲ್ಲಿ ರೈತ ವಿದ್ಯುತ್ತಿನ ಉತ್ಪಾದಕ, ಇಲ್ಲಿ ಭೂಮಿಯ ಒಡೆಯ ಮಾತ್ರ.

2014ರ ಸೂರ್ಯ ರೈತ ಯೋಜನೆ ಜರ್ಮನಿಯ ದಾರಿಗೆ ಹೆಚ್ಚು ಹತ್ತಿರದ್ದು. ಸೌರ ಪಂಪಿನಿಂದ ನೀರೆತ್ತಿ ಮಿಕ್ಕ ವಿದ್ಯುತ್ತನ್ನು ಕಂಪನಿಗೆ ಮಾರುವುದು ಅದರ ತಿರುಳು. 2019ರ ಕೇಂದ್ರದ ಕುಸುಮ್ ಯೋಜನೆಯಲ್ಲೂ ತಂತಿಗೆ ಕೂಡಿದ ಪಂಪುಗಳಿಗೆ ಸೌರ ಫಲಕ ಜೋಡಿಸಲು, ರೈತರ ಜಮೀನಿನಲ್ಲಿ 500 ಕಿಲೋವಾಟಿನಿಂದ 2 ಮೆಗಾವಾಟಿನವರೆಗೆ ಘಟಕ ಹಾಕಲು ಅವಕಾಶವಿದೆ. 10 ಅಶ್ವಶಕ್ತಿಯವರೆಗಿನ ಪಂಪಿಗೆ ಉಚಿತ ವಿದ್ಯುತ್ತಿರುವಾಗ ಸವೆದ ಫುಟ್‌ವಾಲ್ವ್ ಬದಲಿಸಬೇಕೆಂದು ಯಾರಿಗೂ ಅನಿಸದು. ಐದು ಅಶ್ವಶಕ್ತಿಯ ಪಂಪು ಗಂಟೆಗೆ 4-5 ಯೂನಿಟ್ಟು ನುಂಗುತ್ತದೆ. ಮಿಕ್ಕಿದ್ದನ್ನು ಮಾರಬಹುದಾದ ದಿನ, ಪಂಪು ನಿಲ್ಲಿಸಿದ ಪ್ರತಿ ಗಂಟೆಗೂ ಬೆಲೆ ಬರುತ್ತದೆ.

ಇಂಥ ಕರಾರಿಗೆ ಸಹಿ ಹಾಕುವ ಮುನ್ನ ಕೇಳಿ ತಿಳಿಯಬೇಕಾದ್ದನ್ನೆಲ್ಲ ಶೇರ್ ಮತ್ತು ಸಂಗಡಿಗರ ಕಾನೂನಿನಲ್ಲೇ ಕಾಣಬಹುದು: ಯೂನಿಟ್ಟಿಗೆ ದರ ಎಷ್ಟು, ಎಷ್ಟು ವರ್ಷಕ್ಕೆ, ಘಟಕ ತಡವಾಗಿ ಮುಗಿದರೆ ಯಾವ ದರ. ಕರ್ನಾಟಕದಲ್ಲಿ 2013ರಲ್ಲಿ ಚಾವಣಿ ಸೌರ ವಿದ್ಯುತ್ತಿಗೆ ಸಹಾಯಧನವಿಲ್ಲದೆ 9.56 ರೂಪಾಯಿ ಇದ್ದ ದರವನ್ನು 2016ರಲ್ಲಿ ಹೊಸ ಘಟಕಗಳಿಗೆ ಇಳಿಸಲಾಯಿತು. ಆದ್ದರಿಂದ ತಾರೀಖಿನ ಪ್ರಶ್ನೆ ಚಿಲ್ಲರೆಯದಲ್ಲ. ತಂತಿಯ ಖರ್ಚು ಯಾರದೆಂಬುದನ್ನೂ ಬರವಣಿಗೆಯಲ್ಲೇ ಪಡೆಯಬೇಕು. ಜರ್ಮನಿಯ ಕಾನೂನು ಘಟಕದಿಂದ ಹತ್ತಿರದ ಜೋಡಣೆಯ ಸ್ಥಳದವರೆಗಿನ ತಂತಿಯ ಖರ್ಚನ್ನು ಉತ್ಪಾದಕನ ಮೇಲೂ, ಅಲ್ಲಿಂದಾಚೆಗೆ ಜಾಲವನ್ನು ಬಲಪಡಿಸುವ ಖರ್ಚನ್ನು ಕಂಪನಿಯ ಮೇಲೂ ಹೊರಿಸಿತು. ಊರಿನ ಟ್ರಾನ್ಸ್‌ಫಾರ್ಮರ್ ಸಣ್ಣದೆಂಬ ಕಾರಣ ಹೇಳಿ ರೈತನನ್ನು ವಾಪಸು ಕಳಿಸುವ ದಾರಿ ಅಲ್ಲಿಗೆ ಮುಚ್ಚಿತು.