ವಿಷದ ಮಣ್ಣಿಗೆ ಹಸಿರು ಹೊದಿಕೆ

(ಗ್ರಾಮ ಮುಖಂಡರ ಶಿಬಿರದಲ್ಲಿ ಮಾಡಿದ ಭಾಷಣ)



ಗೋಮಾಳ, ಗುಂಡುತೋಪು, ಕೆರೆಯಂಗಳ ಇವು ಊರಿನ ಬಯಲುಗಳು. ಇವುಗಳನ್ನು ಕಾಪಾಡುವ ಬಗೆ ನಮ್ಮ ಹಿರಿಯರಿಗೆ ತಿಳಿದಿತ್ತು. ಆದರೆ ಗಣಿಯೋ ಕಾರ್ಖಾನೆಯೋ ಮುಚ್ಚಿದ ಮೇಲೆ ಉಳಿಯುವ ಬಯಲು ಬೇರೆ ಜಾತಿಯದು. ನೋಡುವವರಿಗೆ ಅದು ಬರಿಯ ಖಾಲಿ ಜಾಗ. ಒಳಗಿನ ಮಣ್ಣಿನಲ್ಲಿ ವಿಷ ಸೇರಿರುತ್ತದೆ. ಅಂಥ ನೆಲವನ್ನು ಮತ್ತೆ ಊರಿನ ಉಪಯೋಗಕ್ಕೆ ತರುವುದು ಹೇಗೆಂಬುದೇ ಇಂದಿನ ವಿಷಯ.

ಕೋಲಾರದ ಚಿನ್ನದ ಗಣಿಗಳನ್ನೇ ನೋಡಿ. 1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಕೈಹಾಕಿದ ಈ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಅಲ್ಲಿ ಕಲ್ಲನ್ನು ಹಿಟ್ಟಿನಂತೆ ಅರೆದು, ಸೈನೈಡ್ ಬೆರೆಸಿದ ನೀರಿನಲ್ಲಿ ಕಲಸಿ ಚಿನ್ನವನ್ನು ಕರಗಿಸಿ ತೆಗೆಯುತ್ತಿದ್ದರು. ಉಳಿದ ನುಣುಪು ಮರಳನ್ನು ಹೊರಗೆ ಸುರಿದರು. ಹೀಗೆ ಬೆಳೆದವೇ ಜನರು ಸೈನೈಡ್ ಗುಡ್ಡಗಳೆಂದು ಕರೆಯುವ 13 ರಾಶಿಗಳು. ಅವು ಸಾವಿರ ಎಕರೆಯಷ್ಟು ನೆಲವನ್ನು ಆವರಿಸಿವೆ. ಮೂರು ಕೋಟಿ ಟನ್ನಿಗೂ ಮಿಕ್ಕಿದ ಮರಳು ಅವುಗಳಲ್ಲಿದೆ.

ಬಿಸಿಲು ಗಾಳಿಗೆ ಸೈನೈಡ್ ಕಾಲಕ್ರಮದಲ್ಲಿ ಮುರಿದುಹೋಗುತ್ತದೆ. ಆದರೆ ಇಂಥ ರಾಶಿಗಳಲ್ಲಿ ಸೀಸ, ಆರ್ಸೆನಿಕ್‌ನಂಥ ಧಾತುಗಳಿದ್ದರೆ ಅವು ಎಷ್ಟು ವರ್ಷವಾದರೂ ನಾಶವಾಗುವುದಿಲ್ಲ. ಬೇಸಿಗೆಯ ಗಾಳಿಗೆ ನುಣುಪು ಧೂಳು ಎದ್ದು ಮನೆಯೊಳಕ್ಕೂ ಮಕ್ಕಳ ಉಸಿರಿಗೂ ಬರುತ್ತದೆ. ಮಳೆಗಾಲದಲ್ಲಿ ಅದೇ ಮರಳು ಕೊರಕಲುಗಳಲ್ಲಿ ಹರಿದು ಹೊಲ ಕೆರೆಗಳನ್ನು ಸೇರುತ್ತದೆ. ಆದ್ದರಿಂದ ಇದು ಗಣಿಯವರ ನೆಲದ ಮಾತಷ್ಟೇ ಅಲ್ಲ, ಸುತ್ತಲಿನ ರೈತರ ಮಾತೂ ಹೌದು.

ಇಂಥ ಕಡೆ ಮೊದಲು ಆಗಬೇಕಾದುದು ಮಣ್ಣಿನ ಮತ್ತು ನೀರಿನ ಪರೀಕ್ಷೆ. ಅದು ಮುಗಿಯುವ ತನಕ ಶಾಲೆ, ನಿವೇಶನ, ಆಟದ ಮೈದಾನ ಎಂಬ ಮಾತು ಬೇಡ. ಪರೀಕ್ಷೆಯ ಫಲ ಬಂದ ಮೇಲೆ ನೆಲವನ್ನು ಮೂರು ಪಾಲು ಮಾಡಿಕೊಳ್ಳಬಹುದು. ವಿಷ ಹೆಚ್ಚಿದ್ದಲ್ಲಿ ಬೇಲಿ ಹಾಕಿ, ಒಳ್ಳೆಯ ಮಣ್ಣು ಹೊದಿಸಿ, ಹುಲ್ಲು ಬೆಳೆಸಿ, ಜನ ದನ ಹೋಗದಂತೆ ನೋಡಿಕೊಳ್ಳಬೇಕು. ಮಧ್ಯಮವಾಗಿದ್ದಲ್ಲಿ ಮರಗಳ ತೋಪು ಆಗಬಹುದು. ಪರೀಕ್ಷೆಯಲ್ಲಿ ಸುರಕ್ಷಿತವೆಂದು ಕಂಡ ಭಾಗದಲ್ಲಿ ಮಾತ್ರ ಜನರು ಕೂರುವ, ಮಕ್ಕಳು ಆಡುವ ಬಯಲು.

ಬರಿಯ ಮರಳಿನಲ್ಲಿ ಗಿಡ ಹಿಡಿಯುವುದಿಲ್ಲ. ಇಳಿಜಾರನ್ನು ತಗ್ಗಿಸಿ, ಸಮಪಾತಳಿ ಬದು ಹಾಕಿ, ಕೆರೆಗೋಡು ಮತ್ತು ಕೊಟ್ಟಿಗೆ ಗೊಬ್ಬರ ಸೇರಿಸಬೇಕು. ಮೊದಲು ಲಾವಂಚದಂಥ ಆಳದ ಬೇರಿನ ಹುಲ್ಲು, ಕತ್ತಾಳೆ. ಆಮೇಲೆ ಹೊಂಗೆ, ಬೇವು. ತಿನ್ನುವ ಕಾಯಿಪಲ್ಲೆ, ದನದ ಮೇವು ಅಲ್ಲಿ ಬೆಳೆಯಕೂಡದು. ಕುಡಿಯುವ ನೀರಿಗೆ ಕೊಳವೆ ಬಾವಿ ತೋಡಕೂಡದು. ಇದು ಶ್ರಮದಾನಕ್ಕೆ ಹಾರೆ ಗುದ್ದಲಿ ಹಿಡಿದು ಹೊರಡುವ ಕೆಲಸವಲ್ಲ. ತಿಳಿದವರ ಮೇಲ್ವಿಚಾರಣೆ ಬೇಕು.

ಇದು ಆಗುವ ಕೆಲಸವೇ ಎಂದು ಕೇಳುವವರಿಗೆ ಅಮೆರಿಕದ ಸಿಯಾಟಲ್ ನಗರದ ಉದಾಹರಣೆ ಕೊಡುತ್ತೇನೆ. ಅಲ್ಲಿ 1906ರಿಂದ 1956ರವರೆಗೆ ಕೆರೆಯ ದಂಡೆಯಲ್ಲಿ ಅನಿಲ ತಯಾರಿಸುವ ಕಾರ್ಖಾನೆಯಿತ್ತು. ಅದರ ಮಣ್ಣಿಗೆಲ್ಲ ಟಾರು ಹತ್ತಿತ್ತು. ರಿಚರ್ಡ್ ಹ್ಯಾಗ್ ಎಂಬ ಉದ್ಯಾನ ತಜ್ಞರು ಗೊಬ್ಬರದಂಥ ಪದಾರ್ಥಗಳನ್ನು ಮಣ್ಣಿಗೆ ಬೆರೆಸಿ, ಸೂಕ್ಷ್ಮಜೀವಿಗಳಿಂದಲೇ ಕೊಳೆಯನ್ನು ಕರಗಿಸುವ ಉಪಾಯ ಹೂಡಿದರು. ಕಾರ್ಖಾನೆಯ ಅವಶೇಷಗಳನ್ನು ಗುಡ್ಡ ಮಾಡಿ ಮೇಲೆ ಮಣ್ಣು ಹೊದಿಸಿದರು. 1975ರಲ್ಲಿ ಅದು ಸಾರ್ವಜನಿಕ ಉದ್ಯಾನವಾಯಿತು. ಆದರೂ 1984ರಲ್ಲಿ ವಿಷದ ಅಂಶ ಮತ್ತೆ ಕಂಡು, ಪರೀಕ್ಷೆಗಾಗಿ ಕೆಲಕಾಲ ಬಾಗಿಲು ಹಾಕಬೇಕಾಯಿತು. ಒಮ್ಮೆ ಹಸಿರಾದರೆ ಕೆಲಸ ಮುಗಿಯಲಿಲ್ಲ, ವರ್ಷ ವರ್ಷವೂ ಪರೀಕ್ಷಿಸುತ್ತಿರಬೇಕು ಎಂಬ ಪಾಠವನ್ನು ಅವರಿಂದ ಕಲಿಯೋಣ. ಟಾರು ಜೀವಿಗಳಿಗೆ ಆಹಾರವಾದೀತು, ಸೀಸ ಆರ್ಸೆನಿಕ್ ಆಗಲಾರವು ಎಂಬುದನ್ನೂ ನೆನಪಿಡೋಣ. ನಮ್ಮಲ್ಲಿ ಹೊದಿಕೆಯೇ ಮುಖ್ಯ.

ಈ ಮಾತನ್ನು ಈಗಲೇ ಆಡುವುದಕ್ಕೆ ಕಾರಣವಿದೆ. ಕೋಲಾರದ ಗುಡ್ಡಗಳ ಮರಳಿನಲ್ಲಿ ಇನ್ನೂ ಸ್ವಲ್ಪ ಚಿನ್ನ ಉಳಿದಿದೆ. ಅದನ್ನು ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ರಾಶಿಯನ್ನು ಕೆದಕಿದರೆ ಧೂಳೇಳುವುದು ಸಹಜ. ಆದ್ದರಿಂದ ಸುತ್ತಲಿನ ಊರಿನವರು ಗ್ರಾಮಸಭೆಯಲ್ಲಿಯೂ, ಅಹವಾಲು ಸಭೆ ಕರೆದಾಗಲೂ ನಾಲ್ಕು ಪ್ರಶ್ನೆಗಳನ್ನು ಬರೆದು ಕೊಡಬೇಕು. ಕೆಲಸ ನಡೆಯುವಾಗ ಧೂಳನ್ನು ಹೇಗೆ ತಡೆಯುತ್ತೀರಿ? ಚಿನ್ನ ತೆಗೆದ ಮೇಲೆ ಮರಳನ್ನು ಎಲ್ಲಿಡುತ್ತೀರಿ? ತೆರವಾದ ನೆಲದಲ್ಲಿ ಊರಿನ ಬಯಲಿಗೆ ಎಷ್ಟು ಎಕರೆ? ಹಸಿರು ಹೊದಿಸಿ ಕಾಯುವ ಖರ್ಚು ಯಾರದು?

ಉತ್ತರ ಕಾಗದದ ಮೇಲೆ ಬರಲಿ. ಚಿನ್ನವನ್ನು ಕೊಟ್ಟ ನೆಲಕ್ಕೆ ಒಂದು ಹೊದಿಕೆಯಾದರೂ ಸಲ್ಲಬೇಡವೆ? ಅದನ್ನು ಕೇಳಿ ಪಡೆಯುವ ಒಗ್ಗಟ್ಟು ತಮ್ಮಲ್ಲಿ ಮೂಡಲೆಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.